ಕಣದ ಬದಿಯ ಕೂಸಿಗೂ ಆಟ ಬೇಕು



ಕೊಳೆರೋಗ, ಕಾಯಿಕೊರಕ, ಗೊಬ್ಬರದ ಲೆಕ್ಕ ಎಂದು ಬರೆಯುತ್ತಿದ್ದ ನಾವು ಈ ಸಲ ಒಂದು ವರ್ಷದೊಳಗಿನ ಕೂಸಿನ ಆಟವನ್ನು ಕುರಿತು ಬರೆಯುತ್ತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಅದಕ್ಕೆ ಕಾರಣವುಂಟು. ಕಳೆದ ಕೊನೆಕೊಯ್ಲಿನ ಕಾಲದಲ್ಲಿ ನಮ್ಮದೇ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ತಾಯಿಯೊಬ್ಬಳ ಒಂಬತ್ತು ತಿಂಗಳ ಮಗು ಹಸಿ ಅಡಿಕೆಯ ಹೋಳನ್ನು ಬಾಯಿಗಿಟ್ಟುಕೊಂಡಿತು. ತುಟಿಯಲ್ಲಿದ್ದಾಗಲೇ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಂಡು ತೆಗೆದರು. "ಮಗುವನ್ನು ನೋಡಿಕೊಳ್ಳಬಾರದೇನಮ್ಮಾ" ಎಂದು ನಾವು ತಾಯಿಯನ್ನೇ ಗದರಿದೆವು. ರಾತ್ರಿ ಯೋಚಿಸಿದಾಗ ತಪ್ಪು ಆಕೆಯದಲ್ಲವೆಂದು ಮನಸ್ಸಿಗೆ ಬಂತು. ಕೂಸಿಗೆ ಆಡಲು ಜಾಗವನ್ನಾಗಲಿ, ಜೊತೆಗೊಬ್ಬರನ್ನಾಗಲಿ ನಾವು ಒದಗಿಸಿರಲಿಲ್ಲ.

ಆಟವೆಂದರೆ ಹೊತ್ತು ಕಳೆಯುವುದಲ್ಲ. ಕೂಸಿನ ಕಲಿಕೆಯೇ ಅದು. ಎಳೆಗೂಸಿಗೆ ಸುಮಾರು ಒಂದಡಿಯೊಳಗಿನ ವಸ್ತು ಮಾತ್ರ ಚೆನ್ನಾಗಿ ಕಾಣುತ್ತದೆ. ಆದುದರಿಂದ ಅದರ ಮೊದಲ ಆಟಿಕೆ ತಾಯಿಯ ಮುಖ. ಒಂದೂವರೆ ಎರಡು ತಿಂಗಳಿಗೆ ಮಗು ನಕ್ಕರೆ ನಾವೂ ನಗಬೇಕು. ಅದು "ಊಂ" ಎಂದರೆ ಉತ್ತರ ಕೊಡಬೇಕು. ಮಾತು ಬೇರೂರುವುದು ಇಲ್ಲಿಯೇ. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ತಾಯಿ ತನ್ನ ಭಾಷೆಯಲ್ಲೇ ಮಾತಾಡಿಸಲಿ.

ಇನ್ನೂ ತೆವಳದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕತ್ತು, ಭುಜ ಬಲಿಯುವುದು ಹೀಗೆಯೇ. ನಿದ್ದೆಗೆ ಮಾತ್ರ ಅಂಗಾತವೇ ಸರಿ. ಮಗುವನ್ನು ಒಂದೇ ಸಮನೆ ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು, ವರ್ಷ ತುಂಬುವವರೆಗೆ ಮೊಬೈಲು, ಟಿವಿ ಬೇಡವೆಂದೂ ಅದೇ ಸಂಸ್ಥೆ ತಿಳಿಸಿದೆ. ಮರದ ಕೊಂಬೆಗೆ ಕಟ್ಟಿದ ಜೋಲಿಯಲ್ಲೇ ದಿನವಿಡೀ ತೂಗುವ ಕೂಸು ಮಗುಚಲು ಕಲಿಯುವುದೆಲ್ಲಿ?

ಆರು ತಿಂಗಳ ಹೊತ್ತಿಗೆ ಕೈಗೆ ಗಿಲಕಿ ಬೇಕು. ಚನ್ನಪಟ್ಟಣದ ಅರಗು ಬಣ್ಣದ ಮರದ ಗಿಲಕಿಯಾದರೆ ಸಂತೋಷ. ಇಲ್ಲವಾದರೆ ಸ್ಟೀಲು ಲೋಟ, ಮರದ ಸೌಟು ಸಾಕು. ಎಂಟು ಒಂಬತ್ತು ತಿಂಗಳಿಗೆ ಸೆರಗಿನಲ್ಲಿ ಮುಖ ಮುಚ್ಚಿ "ಕೂ" ಎಂದು ತೆರೆಯುವ ನಮ್ಮ ಅಜ್ಜಿಯರ ಆಟ ಉತ್ತಮ. ಕಣ್ಣಿಗೆ ಕಾಣದ್ದೂ ಇದ್ದೇ ಇರುತ್ತದೆ ಎಂಬ ತಿಳಿವು ಮಗುವಿಗೆ ಮೂಡುವ ಕಾಲವದು. ನಂತರ ಚಪ್ಪಾಳೆ, ತಾರಮ್ಮಯ್ಯ, ಹಿಡಿದು ನಿಲ್ಲುವುದು. ಎಲ್ಲ ಮಕ್ಕಳೂ ಒಂದೇ ತಿಂಗಳಲ್ಲಿ ಒಂದೇ ವಿದ್ಯೆ ಕಲಿಯುವುದಿಲ್ಲ. ಆದರೆ ಕೂಸು ನಗದಿದ್ದರೆ, ಸದ್ದಿಗೆ ತಿರುಗದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣದನ್ನು ಹೆಕ್ಕುವ ಶಕ್ತಿ ಬರುತ್ತದೆ. ಹೆಕ್ಕಿದ್ದು ಬಾಯಿಗೆ ಹೋಗುವುದು ಸಹಜ. ನಮ್ಮ ಅಂಗಳದಲ್ಲಿ ಹೆಕ್ಕಲು ಸಿಗುವುದೇ ಅಡಿಕೆ ಹೋಳು, ಕಾಫಿ ಬೀಜ! ಇವು ಉಸಿರು ಕಟ್ಟಿಸಬಲ್ಲವು. ಮೈಲುತುತ್ತದ ಡಬ್ಬ, ಔಷಧಿ ಸಿಂಪಡಿಸಿದ ಬಟ್ಟೆ, ನೀರು ತುಂಬಿದ ಬಕೆಟ್ಟು ಚಾಪೆಯ ಹತ್ತಿರ ಸುಳಿಯಬಾರದು.

1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ದೊಡ್ಡ ತೋಟಗಳಲ್ಲಿ ಶಿಶುವಿಹಾರ ಇರಬೇಕೆಂದು ವಿಧಿಸಿತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಸಲ ಹಾಲೂಡಿಸುವ ಬಿಡುವನ್ನು ತಾಯಿಗೆ ಕೊಟ್ಟಿತು. ಕೊಪ್ಪ ಸೀಮೆಯಲ್ಲಿ ನಮ್ಮಂಥವರದು ಹೆಚ್ಚಾಗಿ ಸಣ್ಣ ಹಿಡುವಳಿ. "ಶಿಶುವಿಹಾರದ ಕಾನೂನು ನಮಗಲ್ಲ" ಎಂದು ಸುಮ್ಮನಿರುವುದು ಸುಲಭ. ಆದರೆ ಕೂಸು ಬೆಳೆಯುವುದು ಎಕರೆ ಲೆಕ್ಕ ನೋಡಿ ಅಲ್ಲ.

ಆದುದರಿಂದ ನಮ್ಮ ಬಿನ್ನಹ ಇಷ್ಟೆ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಈ ಕೊಯ್ಲಿಗೆ ಒಂದು ಜಗಲಿ ಗುಡಿಸಿ ಚಾಪೆ ಹಾಸೋಣ. ಮಕ್ಕಳನ್ನು ಬಲ್ಲ ಹಿರಿಯಳೊಬ್ಬಳಿಗೆ ಸುಲಿಯುವವರಷ್ಟೇ ದಿನಗೂಲಿ ಕೊಟ್ಟು ಕೂರಿಸೋಣ. ತಾಯಂದಿರ ಬಿಡುವಿನ ಹೊತ್ತಿಗೆ ಕೂಲಿ ಮುರಿಯದಿರೋಣ. ಅಡಿಕೆ ಸಸಿಗೆ ಮೊದಲ ವರ್ಷ ನೆರಳು ಮಾಡಿ ಕಾಯುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಅಂಗಳದಲ್ಲಿ ಈ ಸಲ ಜಗಲಿ ಸಿದ್ಧವಾಗಿದೆ. ಸದಸ್ಯರು ಬಂದು ನೋಡಬಹುದು.