ರಾತ್ರಿ ಹನ್ನೊಂದಕ್ಕೆ ದಿನಸಿ ಕೊಳ್ಳುವ ಊರು!

ರಾತ್ರಿ ಹನ್ನೊಂದು ಗಂಟೆ. ಬೆಟ್ಟದ ಮೇಲಿನ ಹಳ್ಳಿ. ದಿನಸಿ ಅಂಗಡಿ ತೆರೆದಿದೆ. ಬೇಕರಿ ತೆರೆದಿದೆ. ಚೌಕದಲ್ಲಿ ಮಕ್ಕಳ ಗಲಾಟೆ. ಅಜ್ಜಿಯೊಬ್ಬರು ಕೈಚೀಲ ಹಿಡಿದು ಈರುಳ್ಳಿ ಆರಿಸುತ್ತಿದ್ದಾರೆ!

ಜಾತ್ರೆಯೇ? ಅಲ್ಲ. ಹಬ್ಬವೇ? ಅಲ್ಲವೇ ಅಲ್ಲ. ಮಾಮೂಲಿ ಮಂಗಳವಾರವೂ ಹೀಗೇ!

ಯಾವ ಊರು, ಹೇಳಿ ನೋಡೋಣ. ಸುಳಿವು ಬೇಕೇ? ಗ್ರೀಸ್ ದೇಶ. ಏಜಿಯನ್ ಸಮುದ್ರದ ಪೂರ್ವದಂಚು. ಟರ್ಕಿಯ ಕರಾವಳಿ ದೂರವೇನಲ್ಲ. ದ್ವೀಪದ ಹೆಸರು ಇಕಾರಿಯಾ. ಹಳ್ಳಿಯ ಹೆಸರು ಕ್ರಿಸ್ತೋಸ್ ರಾಹೆಸ್.

ಹಗಲು ಹೋದಿರೋ, ಬಾಗಿಲು ಹಾಕಿದ ಅಂಗಡಿಗಳು ನಿಮ್ಮನ್ನು ಸ್ವಾಗತಿಸುತ್ತವೆ. ಸಂಜೆ ಇಳಿಯಬೇಕು. ಆಮೇಲೆ ಒಬ್ಬೊಬ್ಬರೇ ಬಂದು ತೆರೆಯುತ್ತಾರೆ. ಮುಚ್ಚುವುದು ನಡುರಾತ್ರಿ ದಾಟಿದ ಮೇಲೆ! ಬೇಕರಿಯಲ್ಲಿ ಯಾರೂ ಇಲ್ಲದಿದ್ದರೆ ಬ್ರೆಡ್ ತೆಗೆದುಕೊಂಡು ದುಡ್ಡು ಅಲ್ಲೇ ಇಟ್ಟು ಬರುವುದಂತೆ. ಅಲ್ಲಿಗೆ ಹೋಗಿಬಂದವರು ಮತ್ತೆ ಮತ್ತೆ ಹೇಳುವ ಕಥೆ ಇದು.

ಈ ರಾತ್ರಿ ವ್ಯಾಪಾರ ಎಲ್ಲಿಂದ ಬಂತು? ತಡೆಯಿರಿ. ಉತ್ತರದಲ್ಲಿ ಕಡಲ್ಗಳ್ಳರಿದ್ದಾರೆ!

ಶತಮಾನಗಳ ಹಿಂದೆ ಏಜಿಯನ್ ತುಂಬ ಅವರದೇ ಹಾವಳಿ. ಇಕಾರಿಯಾದ ಜನ ಏನು ಮಾಡಿದರು? ಮಾಯವಾದರು! ಕರಾವಳಿ ಬಿಟ್ಟು ಬೆಟ್ಟದ ಒಳಗೆ ಸೇರಿಕೊಂಡರು. ಅವರು ಕಟ್ಟಿದ ಮನೆಗಳನ್ನು ಇಂದಿಗೂ ನೋಡಬಹುದು. ಅಲ್ಲ, ಹುಡುಕಬಹುದು! ಹೆಬ್ಬಂಡೆಯ ಅಡಿಗೇ ನುಸುಳಿಸಿ ಕಟ್ಟಿದ ತಗ್ಗು ಕಲ್ಲುಮನೆ. ಸೂರಿಗೂ ಕಲ್ಲು ಚಪ್ಪಡಿ. ಸಮುದ್ರದ ಕಡೆಯಿಂದ ನೋಡಿದರೆ ಬರೀ ಬಂಡೆ.

ಅಡುಗೆ ಮಾಡಿದರೆ ಹೊಗೆ ಏಳುವುದಿಲ್ಲವೇ ಎಂದಿರಾ? ಭಲೇ, ಸರಿಯಾದ ಪ್ರಶ್ನೆ! ಈ ಮನೆಗಳಿಗೆ ಹೊಗೆಗೂಡೇ ಇಲ್ಲ. ಹೊಗೆ ಚಪ್ಪಡಿಗಳ ಸಂದಿನಲ್ಲಿ ಎಳೆಯೆಳೆಯಾಗಿ ಸೋರಿ ಗಾಳಿಯಲ್ಲಿ ಕರಗುತ್ತಿತ್ತು. ಒಲೆ ಉರಿಯುತ್ತಿದೆ, ಕಡಲ್ಗಳ್ಳನಿಗೆ ಸುಳಿವೇ ಇಲ್ಲ!

ಹಗಲು ಅಡಗಿ ರಾತ್ರಿ ಓಡಾಡುತ್ತಿದ್ದ ಆ ಕಾಲದ ರೂಢಿಯೇ ಉಳಿದುಬಂತು ಎಂದು ಕೆಲವರ ವಾದ. ಹಗಲೆಲ್ಲ ಹೊಲ, ಮೇಕೆ, ದ್ರಾಕ್ಷಿತೋಟ ಎಂದು ಅಲೆಯುವವರಿಗೆ ಅಂಗಡಿಗೆ ಬಿಡುವೆಲ್ಲಿ ಎಂದು ಇನ್ನು ಕೆಲವರು. ನಿಜ ಹೇಳಬೇಕೆಂದರೆ ನನಗೆ ಎರಡನೆಯದೇ ನಂಬುವಂತೆ ಕಾಣುತ್ತದೆ. ಆದರೆ ಮೊದಲನೆಯದು ಎಷ್ಟು ಸೊಗಸು!

ಇನ್ನೊಂದು ಸವಾಲು. ಮಧ್ಯಾಹ್ನದ ನಿದ್ದೆಗೆ ಕಾನೂನಿನ ಕಾವಲು ಇರಬಹುದೇ?

ಇದೆ! ಇಡೀ ಗ್ರೀಸ್‌ನಲ್ಲಿದೆ! ಬೇಸಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ಅಧಿಕೃತ ಮೌನದ ಹೊತ್ತು. ಪಕ್ಕದ ಮನೆಯವರು ಆಗ ಗೋಡೆಗೆ ಡ್ರಿಲ್ ಹಾಕಿದರೆ ನೀವು ಪೊಲೀಸರಿಗೆ ದೂರು ಕೊಡಬಹುದು. ಊಟವಾದ ಮೇಲೆ ಒಂದು ಜೊಂಪು, ಅದಕ್ಕೆ ಸರ್ಕಾರದ ಅಭಯ!

ಹಾಗಾದರೆ ಇಕಾರಿಯಾದವರು ಸೋಮಾರಿಗಳೇ? ಆ ಮಾತು ಬೇಡ. 1912ರ ಜುಲೈನಲ್ಲಿ ಇದೇ ಜನ ದಂಗೆ ಎದ್ದು ಆಟೊಮನ್ ಅಧಿಕಾರಿಗಳನ್ನು ಹೊರಗಟ್ಟಿದರು. ಮುಂದಾಳು ಒಬ್ಬ ವೈದ್ಯರು, ಇಯೊವಾನಿಸ್ ಮಲಾಹಿಯಾಸ್. ಸ್ವತಂತ್ರ ದೇಶ ಘೋಷಿಸಿಯೇಬಿಟ್ಟರು! ಸ್ವಂತ ಬಾವುಟ. ಸ್ವಂತ ಅಂಚೆಚೀಟಿ ಕೂಡ! ನವೆಂಬರ್‌ನಲ್ಲಿ ಗ್ರೀಸ್‌ಗೆ ಸೇರಿಕೊಂಡರು. ಬೇಕೆಂದಾಗ ಅವಸರವೂ ಬರುತ್ತದೆ ಅವರಿಗೆ.

ಈಗ ಕಾಫಿ. ಇಲ್ಲಿ ಸ್ವಲ್ಪ ನಿಲ್ಲೋಣ.

ಉದ್ದ ಹಿಡಿಯ ಪುಟ್ಟ ಪಾತ್ರೆ, ಅದು ಬ್ರಿಕಿ. ಹಿಟ್ಟಿನಷ್ಟು ನುಣ್ಣನೆಯ ಕಾಫಿಪುಡಿ. ತಣ್ಣೀರು. ಸಣ್ಣ ಉರಿ. ಅಂಚಿನಿಂದ ನೊರೆ ನಿಧಾನಕ್ಕೆ ಮೇಲೇರುತ್ತದೆ. ಉಕ್ಕುವ ಮೊದಲೇ ಇಳಿಸಬೇಕು, ಇಲ್ಲವಾದರೆ ನೊರೆ ಹೋಯಿತು, ಮಾನವೂ ಹೋಯಿತು! ಸೋಸುವುದಿಲ್ಲ. ಚರಟದ ಸಮೇತ ಕಪ್ಪಿಗೆ. ಈಗ ಕಾಯಿರಿ. ಚರಟ ತಳಕ್ಕೆ ಇಳಿಯಲಿ. ಅವಸರಪಟ್ಟು ಗುಟುಕರಿಸಿದಿರೋ, ಬಾಯಿತುಂಬ ಪುಡಿ! ನಿಧಾನವಾಗಿ ಕುಡಿಯದೆ ಬೇರೆ ದಾರಿಯೇ ಇಲ್ಲದ ಕಾಫಿ ಇದು.

ಅಥೆನ್ಸ್‌ನ ಹೃದ್ರೋಗ ತಜ್ಞರು ಈ ಕಪ್ಪಿನ ಬೆನ್ನುಹತ್ತಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, 65 ದಾಟಿದ ದ್ವೀಪವಾಸಿಗಳ ಪೈಕಿ ಹೀಗೆ ಕುದಿಸಿದ ಕಾಫಿಯನ್ನು ದಿನಾ ಕುಡಿಯುತ್ತಿದ್ದವರು ಎಷ್ಟು? ನೂರಕ್ಕೆ 87! ಕುಡಿಯುವವರ ರಕ್ತನಾಳಗಳು ಚೆನ್ನಾಗಿ ಹಿಗ್ಗುತ್ತಿದ್ದವು.

ಅದೇ ತಂಡ 2009ರಲ್ಲಿ 1,420 ಮಂದಿಯನ್ನು ಪರೀಕ್ಷಿಸಿತ್ತು. ಎಂಬತ್ತು ದಾಟಿದವರು ನೂರಕ್ಕೆ ಎಷ್ಟಿದ್ದರು? ಎರಡು? ಐದು?

ಹದಿಮೂರು!

ಇಡೀ ಜಗತ್ತಿನ ಲೆಕ್ಕದಲ್ಲಿ ಆ ಪ್ರಮಾಣ ಸುಮಾರು ಒಂದೂವರೆ. ಸಮೀಕ್ಷೆಯಲ್ಲಿ ಇದ್ದವರೆಲ್ಲ ವಯಸ್ಕರೇ ಎಂದು ಒಂದಿಷ್ಟು ಕಳೆದರೂ ಅಂತರ ದೊಡ್ಡದು.

ಅನುಮಾನ ಪಡುವವರೂ ಇದ್ದಾರೆ, ಇರಲೇಬೇಕು. ದೀರ್ಘಾಯುಷ್ಯಕ್ಕೆ ಹೆಸರಾದ ಊರುಗಳಲ್ಲಿ ಜನನ ಮರಣ ದಾಖಲೆಗಳೇ ಎಡವಟ್ಟು ಎಂದು ತೋರಿಸಿದ ಸಂಶೋಧಕ ಸಾಲ್ ನ್ಯೂಮನ್ ಅವರಿಗೆ 2024ರಲ್ಲಿ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಒಪ್ಪೋಣ. ವಯಸ್ಸಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಇರಬಹುದು. ಅಂಗಡಿಗಳು ರಾತ್ರಿ ತೆರೆದಿರುವುದಂತೂ ಸುಳ್ಳಲ್ಲವಲ್ಲ!

ಆಗಸ್ಟ್ 15ಕ್ಕೆ ಲಂಗಾದಾ ಎಂಬ ಹಳ್ಳಿಗೆ ಬನ್ನಿ. ಕಡಲ್ಗಳ್ಳರಿಂದ ಅಡಗಿದ್ದ ಜನರ ಊರು ಅದು. ಅಂದು ಅಲ್ಲಿ ಪನಿಯಿರಿ, ಅಂದರೆ ದೇವಮಾತೆಯ ಹೆಸರಿನ ಉತ್ಸವ. ಬೇಯಿಸಿದ ಮೇಕೆ ಮಾಂಸ, ಮನೆಯ ವೈನ್, ಉದ್ದುದ್ದ ಮೇಜುಗಳು. ಪಿಟೀಲು ಶುರುವಾಗುತ್ತದೆ. ಒಬ್ಬರ ಭುಜದ ಮೇಲೆ ಇನ್ನೊಬ್ಬರ ಕೈ. ಇಕಾರಿಯೊತಿಕೋಸ್ ಕುಣಿತ! ಮೊದಲು ಮೆಲ್ಲಗೆ. ಮತ್ತೆ ಬಿರುಸು. ಅಜ್ಜ, ಮೊಮ್ಮಗಳು, ನಿನ್ನೆ ಹಡಗು ಇಳಿದ ಅಪರಿಚಿತ, ಎಲ್ಲ ಒಂದೇ ಸುತ್ತಿನಲ್ಲಿ. ನಿಲ್ಲುವುದು? ಬೆಳಗಾದ ಮೇಲೆ! ಊಟ, ವೈನ್‌ಗೆ ಕೊಟ್ಟ ದುಡ್ಡು? ಇಂಥ ಉತ್ಸವಗಳ ಗಳಿಕೆ ಊರಿನ ರಸ್ತೆ, ಶಾಲೆಯಂಥ ಕೆಲಸಕ್ಕೆ!

ಕೊನೆಯದೊಂದನ್ನು ಬೇಕೆಂದೇ ಬಚ್ಚಿಟ್ಟಿದ್ದೆ. ಈ ನಿಧಾನಿಗಳ ದ್ವೀಪಕ್ಕೆ ಹೆಸರು ಬಂದದ್ದು ಯಾರಿಂದ ಗೊತ್ತೇ? ಗ್ರೀಕ್ ಪುರಾಣದ ಇಕಾರೋಸ್‌ನಿಂದ! ಮೇಣದ ರೆಕ್ಕೆ ಕಟ್ಟಿಕೊಂಡು, ಎತ್ತರಕ್ಕೆ ಹೋಗಬೇಡ ಎಂಬ ಅಪ್ಪನ ಮಾತು ಕೇಳದೆ ಸೂರ್ಯನತ್ತ ಹಾರಿ, ಮೇಣ ಕರಗಿ ಬಿದ್ದ ಹುಡುಗ. ಬಿದ್ದದ್ದು ಇದೇ ಕಡಲಿಗಂತೆ.

1995ರಲ್ಲಿ ಇಕಾರಿಯಾಕ್ಕೆ ವಿಮಾನ ನಿಲ್ದಾಣ ಬಂತು. ಅದಕ್ಕೆ ಯಾವ ಹೆಸರಿಟ್ಟರು, ಊಹಿಸಿ.

ಇಕಾರೋಸ್!