ಪ್ರಚಾರದ ನೀತಿ, ಮೂರನೆಯವರ ಮಾನ

ಹಾಸನ ಲೋಕಸಭಾ ಕ್ಷೇತ್ರದಲ್ಲಿ 2024ರ ಏಪ್ರಿಲ್ 26ರಂದು ಮತದಾನ ನಡೆಯಿತು. ಅದಕ್ಕೆ ಕೆಲವೇ ದಿನಗಳ ಮುಂಚೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬೀದಿಗಳಲ್ಲಿ ಅಭ್ಯರ್ಥಿಗಳ ಧ್ವನಿವರ್ಧಕಗಳು ಇನ್ನೂ ಮೊಳಗುತ್ತಿದ್ದಾಗಲೇ, ಬಸ್ ನಿಲ್ದಾಣ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಪೆನ್‌ಡ್ರೈವುಗಳು ಚೆಲ್ಲಿಬಿದ್ದಿರುವುದಾಗಿ ಸುದ್ದಿ ಹರಡಿತು. ಆ ಕ್ಷೇತ್ರದ ಸಂಸದರೂ ಮತ್ತೊಮ್ಮೆ ಅಭ್ಯರ್ಥಿಯೂ ಆಗಿದ್ದ ಪ್ರಜ್ವಲ್ ರೇವಣ್ಣನವರಿಗೆ ಸಂಬಂಧಿಸಿದವೆಂದು ಹೇಳಲಾದ, ಸ್ತ್ರೀಯರ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳು ಅವುಗಳಲ್ಲಿದ್ದುವು. ದೃಶ್ಯಗಳಲ್ಲಿ ಕಾಣುತ್ತಿದ್ದ ಸ್ತ್ರೀಯರ ಮುಖಗಳನ್ನು ಯಾರೂ ಮರೆಮಾಡಿರಲಿಲ್ಲ.

ಮುಂದಿನದು ನಾಡಿಗೆಲ್ಲ ತಿಳಿದ ಸಂಗತಿ. ರಾಜ್ಯ ಮಹಿಳಾ ಆಯೋಗವು ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ಸರ್ಕಾರವು ವಿಶೇಷ ತನಿಖಾ ತಂಡವನ್ನು ರಚಿಸಿತು. ಮತದಾನದ ಮರುದಿನವೇ ಅಭ್ಯರ್ಥಿಯು ಜರ್ಮನಿಗೆ ತೆರಳಿದರು. ಮೇ 30ರಂದು ಮಹಿಳಾ ಸಂಘಟನೆಗಳೂ ಜನಪರ ಸಂಘಟನೆಗಳೂ ‘ಹಾಸನ ಚಲೋ’ ಎಂದು ಹಾಸನ ನಗರದಲ್ಲಿ ನೆರೆದುವು. ಮರುದಿನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಜ್ವಲ್ ಅವರ ಬಂಧನವಾಯಿತು. ಜೂನ್ 4ರಂದು ಫಲಿತಾಂಶ ಹೊರಬಿದ್ದಾಗ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ ಜಯಶಾಲಿಯಾಗಿದ್ದರು. 2025ರ ಆಗಸ್ಟ್‌ನಲ್ಲಿ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು ಒಂದು ಅತ್ಯಾಚಾರ ಪ್ರಕರಣದಲ್ಲಿ ಪ್ರಜ್ವಲ್ ಅವರನ್ನು ದೋಷಿಯೆಂದು ನಿರ್ಣಯಿಸಿ ಜೀವಾವಧಿ ಶಿಕ್ಷೆ ವಿಧಿಸಿತು. ಆ ತೀರ್ಪಿನ ವಿರುದ್ಧ ಅವರು ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದ್ದಾರೆ.

ಅಪರಾಧದ ವಿಚಾರವನ್ನು ನ್ಯಾಯಾಲಯಗಳು ನೋಡಿಕೊಳ್ಳುತ್ತವೆ. ಪ್ರಕೃತ ಲೇಖನದ ವಿಷಯ ಅದರ ಪಕ್ಕದಲ್ಲಿಯೇ ನಿಂತಿರುವ ಇನ್ನೊಂದು ಪ್ರಶ್ನೆ. ಒಬ್ಬ ಅಭ್ಯರ್ಥಿಯನ್ನು ಸೋಲಿಸುವ ಸಲುವಾಗಿ, ಆತನಿಂದ ನೊಂದವರೆನ್ನಲಾದ ಸ್ತ್ರೀಯರ ಮುಖವನ್ನೂ ಶರೀರವನ್ನೂ ಊರೂರಿಗೆ ಹಂಚುವುದು ಚುನಾವಣಾ ಪ್ರಚಾರವೇ? ಹಂಚಿದವರಾರೆಂಬ ವಿಷಯದಲ್ಲಿ ಪಕ್ಷಗಳು ಪರಸ್ಪರ ದೂರಿಕೊಂಡುವು, ದೂರು ದಾಖಲಾಯಿತು, ಬಂಧನಗಳೂ ಆದುವು. ಆದರೆ ಯಾವ ಪಕ್ಷದ ವೇದಿಕೆಯಿಂದಲೂ ಈ ಪ್ರಶ್ನೆಗೆ ಸಿಗಬೇಕಾದಷ್ಟು ಗೌರವ ಸಿಗಲಿಲ್ಲವೆಂಬುದೇ ನನ್ನ ವ್ಯಥೆ.

ನಮ್ಮ ಕಾನೂನು ಪ್ರಚಾರದ ಮಾತಿಗೆ ಕೆಲವು ಎಲ್ಲೆಗಳನ್ನು ಹಾಕಿಯೇ ಇದೆ. 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 123ನೆಯ ಪ್ರಕರಣವು ಭ್ರಷ್ಟ ಆಚರಣೆಗಳನ್ನು ಹೆಸರಿಸುತ್ತದೆ. ಜಾತಿ, ಮತ, ಭಾಷೆಗಳ ಹೆಸರಿನಲ್ಲಿ ಓಟು ಯಾಚಿಸುವುದು ಅವುಗಳಲ್ಲೊಂದು. ಯಾಚಿಸುವವನ ಮತವಷ್ಟೇ ಅಲ್ಲ, ಮತದಾರನ ಮತದ ಹೆಸರೂ ಈ ನಿಷೇಧಕ್ಕೆ ಒಳಪಟ್ಟದ್ದೆಂದು ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಜನವರಿಯಲ್ಲಿ ಬಹುಮತದಿಂದ ಹೇಳಿತು. ಅಭ್ಯರ್ಥಿಯ ವೈಯಕ್ತಿಕ ಶೀಲ ಅಥವಾ ನಡತೆಯನ್ನು ಕುರಿತು, ಸುಳ್ಳೆಂದು ತಿಳಿದೂ ಅಥವಾ ನಿಜವೆಂಬ ನಂಬಿಕೆಯಿಲ್ಲದೆಯೂ, ಆತನ ಗೆಲುವಿಗೆ ಧಕ್ಕೆ ತರುವಂಥ ಸುಳ್ಳನ್ನು ಪ್ರಕಟಿಸುವುದು ಇನ್ನೊಂದು. 127ಎ ಪ್ರಕರಣದ ಪ್ರಕಾರ ಚುನಾವಣೆಯ ಪ್ರತಿಯೊಂದು ಕರಪತ್ರದ ಮೇಲೂ ಭಿತ್ತಿಪತ್ರದ ಮೇಲೂ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸಗಳಿರಬೇಕು. ಇಲ್ಲವಾದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ.

ಮುದ್ರಕನ ಹೆಸರಿನ ಈ ನಿಯಮವು ಮೇಲುನೋಟಕ್ಕೆ ಕಚೇರಿಯ ಕಟ್ಟಳೆಯಂತೆ ಕಂಡರೂ, ಪ್ರಚಾರನೀತಿಯ ಜೀವಾಳ ಅದರಲ್ಲಿದೆಯೆಂದು ನಾನು ಭಾವಿಸುತ್ತೇನೆ. ಆಪಾದನೆ ಮಾಡುವವನು ತನ್ನ ಹೆಸರನ್ನು ಕೆಳಗೆ ಬರೆಯಬೇಕು. ಕೇಳುವವರಿಗೆ ಇದು ಯಾರ ಮಾತು, ಯಾವ ಉದ್ದೇಶದ ಮಾತು ಎಂಬುದು ತಿಳಿಯಬೇಕು. ಮಾತು ಸುಳ್ಳಾದಾಗ ಹಿಡಿದು ಕೇಳಲು ಒಬ್ಬ ಮನುಷ್ಯನಿರಬೇಕು. ಇದೇ ಕ್ಷೇತ್ರದಲ್ಲಿ ಅದಕ್ಕೆ ನಿದರ್ಶನವೂ ಇದೆ. 2019ರ ಚುನಾವಣೆಯಲ್ಲಿ ಪ್ರಜ್ವಲ್ ಅವರಿಗೆ ಎದುರಾಗಿ ಸ್ಪರ್ಧಿಸಿ ಸೋತ ಎ. ಮಂಜು ಅವರೂ ಮತ್ತೊಬ್ಬ ಅರ್ಜಿದಾರರೂ, ಗೆದ್ದವರು ತಮ್ಮ ಪ್ರಮಾಣಪತ್ರದಲ್ಲಿ ಆಸ್ತಿಯ ವಿವರಗಳನ್ನು ಮುಚ್ಚಿಟ್ಟಿದ್ದಾರೆಂದು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2023ರ ಸೆಪ್ಟೆಂಬರ್ 1ರಂದು ನ್ಯಾಯಾಲಯವು ಆ ಆಯ್ಕೆಯನ್ನೇ ಅಸಿಂಧುವೆಂದು ಸಾರಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅಷ್ಟರಲ್ಲಿ ಮಂಜು ಅವರು ಪ್ರಜ್ವಲ್ ಅವರ ಪಕ್ಷವನ್ನೇ ಸೇರಿ ಅರಕಲಗೂಡಿನ ಶಾಸಕರಾಗಿದ್ದರೆಂಬುದು ನಮ್ಮ ರಾಜಕಾರಣದ ಬೇರೊಂದು ಅಧ್ಯಾಯ. ಇಲ್ಲಿ ಗಮನಿಸತಕ್ಕದ್ದು ಇಷ್ಟು: ಆ ಆಪಾದನೆಗೆ ಸಹಿಯಿತ್ತು, ಸಾಕ್ಷ್ಯವಿತ್ತು, ಎದುರುವಾದಿಗೆ ಉತ್ತರಿಸುವ ಅವಕಾಶವಿತ್ತು, ಮತ್ತು ಅದರಿಂದ ಯಾವ ಮೂರನೆಯವರ ಮಾನಕ್ಕೂ ಕುಂದು ಬರಲಿಲ್ಲ.

ಪೆನ್‌ಡ್ರೈವಿನ ಮೇಲಾದರೋ ಯಾರ ಹೆಸರೂ ಇರಲಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಒಂದು ನಗ್ನಚಿತ್ರ ಪ್ರಕಟವಾದರೆ, ನೊಂದವರು ದೂರಿದ 24 ಗಂಟೆಗಳೊಳಗೆ ಅದನ್ನು ತೆಗೆದುಹಾಕಬೇಕೆಂದು ಅಂದು ಜಾರಿಯಲ್ಲಿದ್ದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಆ ಜಾಲತಾಣ ನಡೆಸುವ ಸಂಸ್ಥೆಗಳಿಗೆ ಆಜ್ಞಾಪಿಸಿದ್ದುವು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಟ್ಟುಹೋದ ಪೆನ್‌ಡ್ರೈವಿಗೆ ಅಂಥ ಯಜಮಾನನಿಲ್ಲ. ಅಲ್ಲಿಂದ ಒಂದು ಗಣಕಯಂತ್ರಕ್ಕೆ, ಅಲ್ಲಿಂದ ನೂರು ಮೊಬೈಲುಗಳಿಗೆ ಹರಿದ ದೃಶ್ಯವನ್ನು ಮರಳಿ ಕರೆಯುವ ಶಕ್ತಿ ಯಾವ ಅಧಿಕಾರಿಗೂ ಇಲ್ಲ. ಮತದಾನಕ್ಕೆ ಮುಂಚಿನ 48 ಗಂಟೆಗಳ ಮೌನಾವಧಿಯೂ ಇದರ ಮುಂದೆ ನಿರರ್ಥಕ.

ಮಾದರಿ ನೀತಿಸಂಹಿತೆಯನ್ನೂ ನೋಡೋಣ. 1960ರಲ್ಲಿ ಕೇರಳದ ವಿಧಾನಸಭಾ ಚುನಾವಣೆಯ ಕಾಲದಲ್ಲಿ ಪಕ್ಷಗಳು ಒಪ್ಪಿ ರೂಪಿಸಿಕೊಂಡ ನಿಯಮಗಳಿಂದ ಹುಟ್ಟಿ, ಚುನಾವಣಾ ಆಯೋಗದ ಕೈಯಲ್ಲಿ ಬೆಳೆದು, ಮುಖ್ಯ ಆಯುಕ್ತರಾಗಿದ್ದ ಟಿ. ಎನ್. ಶೇಷನ್ನರ ಕಾಲದಲ್ಲಿ ಬಿಗಿಯಾದ ಈ ಸಂಹಿತೆಗೆ ಶಾಸನದ ಬಲವಿಲ್ಲದಿದ್ದರೂ ನೈತಿಕ ಬಲವುಂಟು. ಟೀಕೆಯು ಪಕ್ಷಗಳ ನೀತಿ, ಕಾರ್ಯಕ್ರಮ, ಹಿಂದಿನ ಸಾಧನೆಗಳಿಗೆ ಸೀಮಿತವಾಗಿರಬೇಕು, ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಖಾಸಗಿ ಬದುಕನ್ನು ಎಳೆದು ತರಬಾರದು, ಪರಿಶೀಲಿಸದ ಆಪಾದನೆಗಳನ್ನು ಮಾಡಬಾರದು ಎಂದು ಅದು ವಿಧಿಸುತ್ತದೆ. ಆದರೆ ಈ ಎಲ್ಲ ವಿಧಿಗಳ ಕಣ್ಣೂ ನೆಟ್ಟಿರುವುದು ಅಭ್ಯರ್ಥಿಯ ಮೇಲೆ, ನಾಯಕನ ಮೇಲೆ, ಪಕ್ಷದ ಮೇಲೆ. ಚುನಾವಣೆಗೆ ನಿಲ್ಲದ, ಯಾರ ಪರವಾಗಿಯೂ ಮಾತನಾಡದ, ಆದರೂ ಪ್ರಚಾರದ ಸಾಮಗ್ರಿಯಾಗಿಬಿಟ್ಟ ಮೂರನೆಯ ವ್ಯಕ್ತಿಯ ವಿಷಯದಲ್ಲಿ ಸಂಹಿತೆಯಲ್ಲಿ ಪ್ರತ್ಯೇಕವಾದ ಮಾತಿಲ್ಲ.

ಲೈಂಗಿಕ ಅಪರಾಧವು ಯಾವ ನಾಯಕನ ಖಾಸಗಿ ವಿಷಯವೂ ಅಲ್ಲ. ಅದು ಬಯಲಿಗೆ ಬರಲೇಬೇಕು. ಅಧಿಕಾರಸ್ಥರ ದೌರ್ಜನ್ಯವನ್ನು ಮುಚ್ಚಿಡುವುದಕ್ಕೆ ಮಾನದ ಹೆಸರನ್ನು ಬಳಸಿಕೊಂಡ ಇತಿಹಾಸ ನಮ್ಮಲ್ಲಿ ದೀರ್ಘವಾಗಿದೆ, ಅದಕ್ಕೆ ನನ್ನ ಮಾತು ಆಧಾರವಾಗಬಾರದು. ಆದರೆ ಅಪರಾಧವನ್ನು ಬಯಲಿಗೆ ತರುವುದು ಬೇರೆ, ಅಪರಾಧಕ್ಕೆ ಗುರಿಯಾದವರನ್ನು ಬಯಲಿಗೆ ಎಳೆಯುವುದು ಬೇರೆ. ಅದೇ ಸಾಕ್ಷ್ಯವನ್ನು ಪೊಲೀಸು ಠಾಣೆಗೋ ಮಹಿಳಾ ಆಯೋಗಕ್ಕೋ ನ್ಯಾಯಾಧೀಶರಿಗೋ ಒಪ್ಪಿಸಿದ್ದರೆ ಅಪರಾಧ ಹೊರಬೀಳುತ್ತಿತ್ತು, ಮುಖಗಳು ಉಳಿಯುತ್ತಿದ್ದುವು. ಅತ್ಯಾಚಾರಕ್ಕೆ ಗುರಿಯಾದವರ ಹೆಸರನ್ನಾಗಲಿ ಗುರುತನ್ನಾಗಲಿ ಪ್ರಕಟಿಸುವುದು ಭಾರತೀಯ ದಂಡಸಂಹಿತೆಯ 228ಎ ಪ್ರಕರಣದ ಮೇರೆಗೆ ಅಂದೂ ಶಿಕ್ಷಾರ್ಹವಾಗಿತ್ತು, ಭಾರತೀಯ ನ್ಯಾಯಸಂಹಿತೆಯ 72ನೆಯ ಪ್ರಕರಣದ ಮೇರೆಗೆ ಇಂದೂ ಶಿಕ್ಷಾರ್ಹ. ನೊಂದವರ ಗುರುತು ಪರೋಕ್ಷವಾಗಿಯೂ ಹೊರಬೀಳಬಾರದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ದೃಶ್ಯಗಳನ್ನು ಹಂಚುವವರ ಮೇಲೆ ಕ್ರಮ ಜರುಗಿಸುವುದಾಗಿ ತನಿಖಾ ತಂಡವು ಎಚ್ಚರಿಕೆ ನೀಡಿದಾಗ ಅವು ಜಿಲ್ಲೆಯ ಗಡಿಯನ್ನು ಎಂದೋ ದಾಟಿಹೋಗಿದ್ದುವು.

ಹಳ್ಳಿಯಲ್ಲಿ ಮುಖ ಗುರುತಾದ ಹೆಂಗಸಿನ ಪಾಡನ್ನು ಹಾಸನದ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಬಳಿ, ಹಾಲಿನ ಡೇರಿಯ ಮುಂದೆ, ಮಕ್ಕಳ ಶಾಲೆಯ ಬಾಗಿಲಲ್ಲಿ, ಎಲ್ಲಿ ಹೋದರೂ ನೋಡುವ ಕಣ್ಣುಗಳು ಪರಿಚಿತರವೇ. ಕೆಲವರು ಊರನ್ನೇ ತೊರೆದರೆಂದು ಆ ದಿನಗಳಲ್ಲಿ ಪತ್ರಿಕೆಗಳು ಬರೆದುವು. ಇಂಥ ಭೀತಿಯಲ್ಲಿ ದೂರು ಕೊಡಲು ಮುಂದೆ ಬಂದ ಕೆಲವೇ ಸ್ತ್ರೀಯರ ಧೈರ್ಯವು ಅಸಾಮಾನ್ಯವಾದದ್ದು. ಬಾರದಿದ್ದವರನ್ನು ದೂಷಿಸುವ ಹಕ್ಕು ನಮಗಿಲ್ಲ, ಏಕೆಂದರೆ ದೂರು ಕೊಡಬೇಕೋ ಬೇಡವೋ ಎಂಬ ನಿರ್ಧಾರವನ್ನು ಪ್ರಚಾರಕರು ಅವರ ಕೈಯಿಂದ ಮೊದಲೇ ಕಸಿದುಕೊಂಡಿದ್ದರು.

ಆದುದರಿಂದ ಚುನಾವಣಾ ಆಯೋಗವು ನೀತಿಸಂಹಿತೆಗೆ ಒಂದು ವಿಧಿಯನ್ನು ಸೇರಿಸಬೇಕೆಂಬುದು ನನ್ನ ಬಿನ್ನಹ: ಯಾವುದೇ ಅಪರಾಧಕ್ಕೆ ಗುರಿಯಾದ ವ್ಯಕ್ತಿಯ ಚಿತ್ರ, ಧ್ವನಿ, ಗುರುತುಗಳನ್ನು ಆ ವ್ಯಕ್ತಿಯ ಸಮ್ಮತಿಯಿಲ್ಲದೆ ಯಾವ ಪಕ್ಷವೂ ಪ್ರಚಾರಕ್ಕೆ ಬಳಸಕೂಡದು, ಬೇರೆಯವರು ಬಳಸಿದಾಗ, ಅದರಿಂದ ಲಾಭ ಪಡೆಯುವ ಪಕ್ಷವು ಕೂಡಲೇ ಬಹಿರಂಗವಾಗಿ ಅದನ್ನು ಖಂಡಿಸತಕ್ಕದ್ದು. ಜಾಹೀರಾತುಗಳನ್ನು ಪರಿಶೀಲಿಸುವ ಮಾಧ್ಯಮ ಪ್ರಮಾಣೀಕರಣ ಸಮಿತಿಯು ಪ್ರತಿಯೊಂದು ಜಿಲ್ಲೆಯಲ್ಲಿಯೂ ಈಗಾಗಲೇ ಇರುವುದರಿಂದ ಈ ಹೊಣೆಯನ್ನು ಅದಕ್ಕೇ ವಹಿಸಬಹುದು. ಮತದಾರರಾದ ನಮಗೂ ಮಾರ್ಗಗಳಿವೆ. ನೀತಿಸಂಹಿತೆಯ ಉಲ್ಲಂಘನೆಯನ್ನು ಆಯೋಗದ ಸಿ-ವಿಜಿಲ್ ಸೌಲಭ್ಯದ ಮೂಲಕ ತಿಳಿಸಿದರೆ 100 ನಿಮಿಷಗಳಲ್ಲಿ ಕ್ರಮ ಕೈಗೊಳ್ಳುವ ವ್ಯವಸ್ಥೆ 2018ರಿಂದ ಇದೆ; ಸ್ತ್ರೀಯರ ಅಶ್ಲೀಲ ಚಿತ್ರಗಳ ಹಂಚಿಕೆಯ ವಿಷಯದಲ್ಲಿ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣಕ್ಕೆ ಹೆಸರು ಹೇಳದೆಯೂ ದೂರು ಸಲ್ಲಿಸಬಹುದು. ಅಂಥ ದೃಶ್ಯ ಕೈಗೆ ಬಂದಾಗ ಯಾರಿಗೂ ತೋರಿಸದೆ, ಯಾರಿಗೂ ಕಳುಹಿಸದೆ, ಪೆನ್‌ಡ್ರೈವಾದರೆ ಅದನ್ನು ಹಾಗೆಯೇ ಹತ್ತಿರದ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ಹಾಸನದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಯಾರಿಂದಲೂ ಆಗತಕ್ಕ ಕೆಲಸ.