ಇಪ್ಪತ್ತೆರಡು ಎಲೆಯ ಮದುವೆ

ನಮ್ಮ ಕರಾವಳಿಯ ಸೀಮೆಯಲ್ಲಿ ಮದುವೆಯ ದೊಡ್ಡಸ್ತಿಕೆಯನ್ನು ಎಲೆಯ ಲೆಕ್ಕದಲ್ಲಿ ಹೇಳುವ ವಾಡಿಕೆಯುಂಟು. ಇಂಥವರ ಮನೆಯಲ್ಲಿ ಎಂಟುನೂರು ಎಲೆ ಬಿದ್ದವು, ಇಂಥವರಲ್ಲಿ ಸಾವಿರದ ಮೇಲೆ ಹೋಯಿತು ಎಂದು ತಿಂಗಳುಗಟ್ಟಲೆ ಮಾತು ನಡೆಯುತ್ತದೆ. ಆ ಎಲೆಗಳಿಗಾಗಿ ಮಾಡಿದ ಸಾಲವನ್ನು ಪುಣೆ, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವ ಹುಡುಗರು ಎಷ್ಟು ವರ್ಷ ತೀರಿಸುತ್ತಾರೆಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಗಲ್ಲೆಯ ಮೇಲೆ ಕುಳಿತು ಅವರಿಗೆ ಮುಂಗಡ ಕೊಟ್ಟ ನಮಗೆ ಆ ಲೆಕ್ಕ ಚೆನ್ನಾಗಿ ಗೊತ್ತು. ಇಂದು ವಾಚಕರ ಮುಂದಿಡಬಯಸುವುದು ಇಪ್ಪತ್ತೆರಡೇ ಎಲೆ ಬಿದ್ದ ಒಂದು ಮದುವೆಯ ಸಂಗತಿ. ಅದರಲ್ಲಿ ನಮ್ಮದೂ ಒಂದು ಎಲೆಯಿತ್ತು.

2019ನೆಯ ಇಸವಿಯ ಆರಂಭದ ದಿನಗಳು. ನಾವಿನ್ನೂ ಪತ್ರಿಕೆಯ ಮಣಿಹಕ್ಕೆ ಕೈ ಹಾಕಿರಲಿಲ್ಲ. ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದೆವು. ಕುಂದಾಪುರದ ಬಡಗು ದಿಕ್ಕಿನ ಕಡಲತಡಿಯ ಊರೊಂದರಿಂದ ಬಂದು, ಪಾತ್ರೆ ತೊಳೆಯುವುದರಿಂದ ತೊಡಗಿ ಕ್ಯಾಶಿಯರನ ಕೆಲಸದವರೆಗೆ ಏರಿದ್ದ ಹುಡುಗನೊಬ್ಬ ಒಂದು ಸಂಜೆ ಗಲ್ಲೆಯ ಬಳಿ ತಡೆದು ನಿಂತನು. ಮುಂಗಡ ಕೇಳಲು ಬಂದಿರಬೇಕೆಂದು ನಾವು ತಿಳಿದೆವು. ಅವನು ಕೇಳಿದ್ದು ಸಹಿ. ಮದುವೆಯಾಗುತ್ತೇನೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವರು ಸಾಕ್ಷಿಗಳು ಬೇಕು, ಅಣ್ಣ ಒಬ್ಬರಾಗಬೇಕು ಎಂದನು. ಹುಡುಗಿ ನಮ್ಮ ಕಡೆಯವಳೇ. ಪುಣೆಯಲ್ಲಿ ರಿಕ್ಷಾ ಓಡಿಸುವ ಅಣ್ಣನ ಮನೆಯಲ್ಲಿದ್ದು, ಒಂದು ಮೆಸ್ಸಿನಲ್ಲಿ ಚಪಾತಿಯ ಕೆಲಸ ಮಾಡುತ್ತಿದ್ದಳು. ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡು ಎರಡೂವರೆ ವರ್ಷವಾಗಿತ್ತು. ನಾಲ್ಕು ವರ್ಷದ ಹೆಣ್ಣು ಮಗುವಿತ್ತು. ಹುಡುಗನ ತಾಯಿಯೂ ಸೋದರಮಾವಂದಿರೂ ಈ ಸಂಬಂಧ ಬೇಡವೆಂದಿದ್ದರು. ಮಾವ ಫೋನಿನಲ್ಲಿ ಹೇಳಿದ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ನಾವು ಒಡನೆ ಒಪ್ಪಿದೆವೆಂದು ಬರೆದರೆ ವಾಚಕರು ಮೆಚ್ಚಿಯಾರು, ಆದರೆ ಅದು ಸುಳ್ಳಾಗುತ್ತದೆ. ನಮ್ಮ ಹೋಟೆಲಿಗೆ ನಿತ್ಯ ಬರುವವರಲ್ಲಿ ಅರ್ಧಕ್ಕರ್ಧ ಆ ಸೀಮೆಯವರು. ಆ ಮಾವನಂತೂ ಪುಣೆಗೆ ಬಂದಾಗಲೆಲ್ಲ ನಮ್ಮಲ್ಲಿಯೇ ಊಟ ಮಾಡುವ ಪರಿಚಯಸ್ಥ. ವ್ಯಾಪಾರ ಕೆಡುವ ಭಯ, ಊರಿನಲ್ಲಿ ಹೆಸರು ಬರುವ ಭಯ ಎರಡೂ ಇದ್ದವು. "ನೋಡೋಣ" ಎಂದೆವು. ಹೋಟೆಲುಗಾರನ ಬಾಯಲ್ಲಿ ನೋಡೋಣ ಎಂದರೆ ಇಲ್ಲವೆಂದೇ ಅರ್ಥ. ಹುಡುಗನಿಗೂ ಅದು ತಿಳಿಯದ್ದಲ್ಲ.

ಅದೇ ವಾರ, ಮಧ್ಯಾಹ್ನದ ಗಿರಾಕಿ ತೆಳುವಾದ ವೇಳೆಯಲ್ಲಿ ನಿತ್ಯ ಚಹಾಕ್ಕೆ ಬರುವ ಮರಾಠಿ ಮಾಸ್ತರರೊಬ್ಬರ ಮುಂದೆ ವಿಷಯವನ್ನು ಸುಮ್ಮನೆ ತೆಗೆದೆವು. ಅವರು ಬಸಿಯನ್ನು ಕೆಳಗಿಟ್ಟು, "ನೀವು ದಿನಾ ಓಡಾಡುವ ರಸ್ತೆಯ ಹೆಸರೇನು ಶೆಟ್?" ಎಂದು ಕೇಳಿದರು. ಕರ್ವೆ ರಸ್ತೆ. ಕರ್ವೆನಗರ, ಕೋಥರೂಡಿನ ಕರ್ವೆ ಪುತಳಾ ಎಲ್ಲವನ್ನೂ ಬಸ್ಸಿನ ನಿಲ್ದಾಣಗಳಾಗಿ ಮಾತ್ರ ನಾವು ಬಲ್ಲೆವು. ಎಸ್ಸೆಸ್ಸೆಲ್ಸಿಯವರೆಗೆ ಓದಿದ ನಮಗೆ ಭಾರತರತ್ನ ಮಹರ್ಷಿ ಕರ್ವೆ ಎಂಬುದೊಂದು ಪಾಠದ ಸಾಲು. ಮಾಸ್ತರರು ಅಂದು ಹೇಳಿದ್ದನ್ನೂ ಮುಂದೆ ನಾವೇ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ನಿವೇದಿಸುತ್ತೇವೆ.

ಧೋಂಡೋ ಕೇಶವ ಕರ್ವೆಯವರು ಜನಿಸಿದ್ದು 1858ರ ಏಪ್ರಿಲ್ 18ರಂದು. ಬೆಳೆದದ್ದು ಕೊಂಕಣದ ದಾಪೋಲಿ ತಾಲೂಕಿನ ಮುರುಡದಲ್ಲಿ. ಹರ್ಣೈ ಬಂದರಿಗೆ ಸಮೀಪದ, ತೆಂಗು ಕಂಗು ತುಂಬಿದ ಕಡಲತಡಿಯ ಊರು. ನಮ್ಮ ಮರವಂತೆ, ಗಂಗೊಳ್ಳಿಗಳವರನ್ನು ಅಲ್ಲಿ ಕೊಂಡೊಯ್ದು ಬಿಟ್ಟರೆ ಮಾತು ಬೇರೆಯೆಂಬುದರ ಹೊರತು ಹೊಸತೇನೂ ಕಾಣದು. ಬಡತನದ ಮನೆ. ಪರೀಕ್ಷೆಗೆ ಕುಳಿತುಕೊಳ್ಳಲೆಂದು ಘಟ್ಟ ಹತ್ತಿ ಸಾತಾರೆಯವರೆಗೆ ನೂರಕ್ಕೂ ಮಿಕ್ಕಿದ ಮೈಲು ನಡೆದು ಹೋದ ಹುಡುಗನನ್ನು, ವಯಸ್ಸು ಸಾಲದೆಂದು ಕಾಣುತ್ತದೆ ಎಂದು ಹೇಳಿ ಹಿಂದಕ್ಕೆ ಕಳಿಸಿದ್ದರಂತೆ. ಮುಂದೆ ಮುಂಬಯಿಯಲ್ಲಿ ಓದಿ, 1891ರಲ್ಲಿ ಗೋಪಾಲಕೃಷ್ಣ ಗೋಖಲೆಯವರ ಕರೆಯಂತೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಅದೇ ವರ್ಷ ಪತ್ನಿ ರಾಧಾಬಾಯಿ ತೀರಿಕೊಂಡರು. ರಘುನಾಥನೆಂಬ ಮಗ ಆಗ ಒಂಬತ್ತು ವರ್ಷದವನು.

ಎರಡನೆಯ ಮದುವೆಗೆ ಕನ್ಯೆ ಕೊಡುವವರಿಗೆ ಆ ಕಾಲದಲ್ಲಿ ಬರಗಾಲವಿರಲಿಲ್ಲ. ಕರ್ವೆಯವರು ಮಾತ್ರ, ಆದರೆ ವಿಧವೆಯನ್ನೇ ಆಗುತ್ತೇನೆ ಎಂದರು. ಮುಂಬಯಿಯಲ್ಲಿ ಒಟ್ಟಿಗಿದ್ದ ಸ್ನೇಹಿತ ನರಹರಪಂತ ಜೋಶಿಯವರ ತಂಗಿ ಗೋದೂಬಾಯಿ ಎಂಟನೆಯ ವಯಸ್ಸಿನಲ್ಲಿ ಮದುವೆಯಾಗಿ ಮೂರು ತಿಂಗಳೊಳಗೆ ಗಂಡನನ್ನು ಕಳೆದುಕೊಂಡವರು. ತಂಗಿಯನ್ನು ಊರಿನಿಂದ ಕರೆತಂದು ಪಂಡಿತಾ ರಮಾಬಾಯಿಯವರ ಶಾರದಾಸದನಕ್ಕೆ ಸೇರಿಸಿದ್ದು ಈ ಅಣ್ಣನೇ. ಆ ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಆಕೆ. 1893ರ ಮಾರ್ಚ್ 11ರಂದು ಇದೇ ಪುಣೆಯಲ್ಲಿ ಇಬ್ಬರ ವಿವಾಹವಾಯಿತು. ಗೋದೂಬಾಯಿ ಆನಂದೀಬಾಯಿಯಾದರು, ಜನರ ಬಾಯಲ್ಲಿ ಕೊನೆಯವರೆಗೆ ಬಾಯಾ.

ಇಲ್ಲಿ ಒಂದು ಮಾತನ್ನು ಸೇರಿಸದಿರಲಾರೆವು. ಈ ರಮಾಬಾಯಿಯವರು ನಮ್ಮ ಘಟ್ಟದವರು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಕರ್ವೆಯವರಿಗಿಂತ ಐದೇ ದಿನ ತಡವಾಗಿ, 1858ರ ಏಪ್ರಿಲ್ 23ರಂದು ಹುಟ್ಟಿದವರು. ಅವರ ಮದುವೆಯೂ ಸಣ್ಣದೇ: 1880ರಲ್ಲಿ, ಜಾತಿಯ ಹೊರಗಿನ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧ್ವಿಯವರೊಡನೆ, 1872ರ ಸಿವಿಲ್ ವಿವಾಹದ ಕಾನೂನಿನ ಪ್ರಕಾರ. ಎರಡು ವರ್ಷ ತುಂಬುವುದರೊಳಗೆ ಪತಿ ಕಾಲರಾದಿಂದ ತೀರಿಕೊಂಡರು, ಮಡಿಲಲ್ಲಿ ಹೆಣ್ಣು ಮಗು. ವಿಧವೆಯರಿಗೆ ಮನೆ ಕಟ್ಟುವ ಯೋಚನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ 1856ರಲ್ಲಿಯೇ ಸಿಕ್ಕಿತ್ತು. ಮೂವತ್ತೇಳು ವರ್ಷಗಳ ಬಳಿಕ, ಹೊಸ ಮದುಮಕ್ಕಳು ಪುಣೆಯಿಂದ ಮುರುಡಕ್ಕೆ ಹೋದಾಗ ಊರಿನವರು ಸಭೆ ಸೇರಿ ನಿರ್ಣಯ ಮಾಡಿದರು. ಕರ್ವೆ ಕುಳಿತ ಜಮಖಾನೆಯ ಮೇಲೆ ಯಾರೂ ಕುಳಿತುಕೊಳ್ಳಕೂಡದು. ಅವರು ಬಂದ ಸಭೆಗೆ ಯಾರೂ ಹೋಗಕೂಡದು. ಅವರು ಮನೆಗೆ ಬಂದಿಳಿದರೆ ಆ ಮನೆಯವರಿಗೂ ಬಹಿಷ್ಕಾರ. ತಾಯಿ, ಅಣ್ಣ ಅದೇ ಮನೆಯಲ್ಲಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಕರ್ವೆಯವರು ವರ್ಷಗಟ್ಟಲೆ ತಮ್ಮ ಮನೆಯ ಮಾಡಿನಡಿಯಲ್ಲಿ ಮಲಗಲಾರದವರಾದರು. ಹುಟ್ಟಿ ಬೆಳೆದ ಊರು, ಕಿವಿಯಲ್ಲಿ ಅದೇ ಕಡಲಿನ ಸದ್ದು, ಆದರೆ ಅಮ್ಮನ ಕೈಯ ಅನ್ನವಿಲ್ಲ. ಊರು ಬಿಟ್ಟು ಬಂದ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 1896ರಲ್ಲಿ ಅನಾಥ ಬಾಲಿಕಾಶ್ರಮ, ಪ್ಲೇಗಿನ ಕಾಲದಲ್ಲಿ 1900ರಲ್ಲಿ ಹಿಂಗಣೆಯ ಬಯಲಿನಲ್ಲಿ ಕಟ್ಟಿದ ಗುಡಿಸಲು, 1916ರಲ್ಲಿ ಮಹಿಳಾ ವಿದ್ಯಾಪೀಠ, ನೂರನೆಯ ವಯಸ್ಸಿನಲ್ಲಿ 1958ರ ಭಾರತರತ್ನ. ಕಾಲೇಜಿನ ಪಾಠ ಮುಗಿಸಿ, ಕೆಸರು ಹಾದಿಯಲ್ಲಿ ನಾಲ್ಕಾರು ಮೈಲು ನಡೆದು ಆಶ್ರಮಕ್ಕೆ ಹೋಗುತ್ತಿದ್ದರಂತೆ. ಆ ಹಾದಿಯೇ ಇಂದು ವಾಹನ ಕದಲದ ರಸ್ತೆಯಾಗಿದೆ. ತಾಯಿಯಿಲ್ಲದ ಆ ರಘುನಾಥನೇ ಮುಂದೆ ಸಂತತಿ ನಿಯಮನದ ಪ್ರಚಾರಕ್ಕಾಗಿ 'ಸಮಾಜ ಸ್ವಾಸ್ಥ್ಯ'ವೆಂಬ ಮಾಸಿಕವನ್ನು ನಡೆಸಿ ಕೋರ್ಟು ಕಚೇರಿ ಅಲೆದವರು. ಆದರೆ ಆ ಮಧ್ಯಾಹ್ನ ನಮ್ಮನ್ನು ಚುಚ್ಚಿದ್ದು ಭಾರತರತ್ನವಲ್ಲ, ಜಮಖಾನೆ. ಮುರುಡದ ಸಭೆಯಲ್ಲಿ ನಾವಿದ್ದಿದ್ದರೆ ಎಲ್ಲಿ ಕುಳಿತಿರುತ್ತಿದ್ದೆವೆಂಬುದು "ನೋಡೋಣ" ಎಂದ ನಮಗೆ ಸ್ಪಷ್ಟವಾಗಿ ಕಂಡಿತು. ಸಂಜೆ ಹುಡುಗನನ್ನು ಕರೆದು ಬರುತ್ತೇವೆಂದೆವು.

ವಾಚಕರಲ್ಲಿ ಕೆಲವರಿಗೆ ಉಪಯೋಗವಾದೀತೆಂದು ಕ್ರಮವನ್ನು ಹೇಳಿಬಿಡುತ್ತೇವೆ. 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ವರ ಇಪ್ಪತ್ತೊಂದು, ವಧು ಹದಿನೆಂಟು ತುಂಬಿದವರಾಗಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಮೂವತ್ತು ದಿನ ವಾಸವಾಗಿದ್ದು ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು. ನೋಟೀಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಮೂವತ್ತು ದಿನಗಳಲ್ಲಿ ಕಾನೂನುಬದ್ಧ ಆಕ್ಷೇಪ ಬಾರದಿದ್ದರೆ ಮೂವರು ಸಾಕ್ಷಿಗಳ ಎದುರಿನಲ್ಲಿ ಮದುವೆ. ಮಾವನಿಗೆ ಇಷ್ಟವಿಲ್ಲವೆಂಬುದು ಕಾನೂನಿನಲ್ಲಿ ಆಕ್ಷೇಪವಲ್ಲ. ದೇವಸ್ಥಾನದಲ್ಲಿ ತಾಳಿ ಕಟ್ಟಿದರೂ ಆಗುತ್ತಿತ್ತು. ಹುಡುಗಿಯ ಅಣ್ಣನೇ, ಮಗುವಿನ ಭವಿಷ್ಯವಿದೆ, ಕಾಗದ ಗಟ್ಟಿಯಾಗಿರಲಿ ಎಂದು ಹಟ ಹಿಡಿದನು. ಆ ಮೂವತ್ತು ದಿನಗಳು ಹುಡುಗನಿಗೆ ಮೂವತ್ತು ವರ್ಷಗಳಾದವು. ದಿನಕ್ಕೆರಡು ಸಲ ಲೆಕ್ಕ ತಪ್ಪಿಸಿ ನಮ್ಮಿಂದ ಬೈಸಿಕೊಂಡನು.

ಸಾಕ್ಷಿಗಳಲ್ಲಿ ಒಬ್ಬನು ಆ ಅಣ್ಣ, ಒಬ್ಬರು ನಾವು. ಮೂರನೆಯವರು ಯಾರೆಂದು ಯೋಚಿಸುತ್ತಿರುವಾಗ ನಮ್ಮ ಹೋಟೆಲಿನ ಹಿರಿಯ ಅಡಿಗೆ ಭಟ್ಟರು ತಾವಾಗಿಯೇ ಬಂದರು. ಏಕಾದಶಿಯ ದಿನ ನೀರು ಮುಟ್ಟದವರು, ಈರುಳ್ಳಿ ಹೆಚ್ಚಿದ ಕತ್ತಿಯನ್ನು ಬೇರೆ ಇಡಿಸುವವರು. ಅವರಿಂದ ನಾವಿದನ್ನು ನಿರೀಕ್ಷಿಸಿರಲಿಲ್ಲ. ಕಚೇರಿಯಲ್ಲಿ ಪೆನ್ನು ತೆಗೆದುಕೊಳ್ಳುವ ಮೊದಲು ಅಂಗವಸ್ತ್ರದಿಂದ ಕೈಯನ್ನು ಎರಡು ಸಲ ಒರೆಸಿಕೊಂಡರು. ಸಹಿ ಹಾಕಿ, "ನನ್ನ ಅಕ್ಕನ ಹೊತ್ತಿಗೆ ಹೀಗೊಂದು ಕಾಗದ ಇದ್ದದ್ದು ನಮಗೆ ಗೊತ್ತಿರಲಿಲ್ಲ" ಎಂದರು. ಅದರ ಮುಂದೆ ಅವರು ಮಾತಾಡಲಿಲ್ಲ, ನಾವೂ ಕೇಳಲಿಲ್ಲ.

ಊಟ ನಮ್ಮ ಹೋಟೆಲಿನ ಒಳಕೋಣೆಯಲ್ಲಿ. ಇಪ್ಪತ್ತೆರಡು ಎಲೆ. ಭಟ್ಟರು ಹಯಗ್ರೀವ ಮಾಡಿದ್ದರು. ಮಗುವು ಮದುಮಗಳ ತೊಡೆಯ ಮೇಲೆ ಕುಳಿತು ಎಲ್ಲರ ಎಲೆಯ ಗೇರುಬೀಜವನ್ನು ಸುಂಕದಂತೆ ವಸೂಲು ಮಾಡಿತು. ಹುಡುಗನ ಕಡೆಯಿಂದ ಒಬ್ಬರೂ ಇರಲಿಲ್ಲ. ನಾವು ಅಂಜಿದ್ದ ಪ್ರಕಾರ ಆ ಮಾವನೂ ಅವನ ಕಡೆಯ ಏಳೆಂಟು ಗಿರಾಕಿಗಳೂ ಮರುದಿನದಿಂದ ನಮ್ಮ ಮೆಟ್ಟಿಲು ತುಳಿಯಲಿಲ್ಲ. ಹೋಟೆಲು ಅದರಿಂದ ಮುಳುಗಲಿಲ್ಲ. ಮುಳುಗಿಸಿದ್ದು ಬೇರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಬಾಗಿಲು ಹಾಕಿದೆವು. ಕೆಲಸವಿಲ್ಲದೆ ಕುಳಿತ ಹುಡುಗರು ಮೇ ತಿಂಗಳಿನಲ್ಲಿ ಪಾಸು ಸಿಕ್ಕಿದಂತೆ ಒಬ್ಬೊಬ್ಬರಾಗಿ ಊರಿನ ಹಾದಿ ಹಿಡಿದರು. ಈ ಮೂವರೂ ಹೋದರು. ಮಹಾರಾಷ್ಟ್ರದಿಂದ ಬಂದವರನ್ನು ಆಗ ಉಡುಪಿ ಜಿಲ್ಲೆಯಲ್ಲಿ ನೇರವಾಗಿ ಮನೆಗೆ ಬಿಡುತ್ತಿರಲಿಲ್ಲವೆಂಬುದು ವಾಚಕರಿಗೆ ನೆನಪಿದ್ದೀತು; ಶಾಲೆಗಳಲ್ಲಿ ಕ್ವಾರಂಟೈನ್. ಹುಡುಗನು ತಾನು ಕಲಿತ ಶಾಲೆಯ ಕೋಣೆಯಲ್ಲಿಯೇ ಹೆಂಡತಿ ಮಗುವಿನೊಡನೆ ದಿನ ಎಣಿಸುವಂತಾಯಿತು. ಮುರುಡದವರು ಒಬ್ಬ ಕರ್ವೆಗೆ ಹಾಕಿದ ಬಹಿಷ್ಕಾರವನ್ನು ಸರಕಾರವು ಮಾವನ ಸ್ವಂತ ಮಗನೂ ಸೇರಿದಂತೆ ಎಲ್ಲರಿಗೂ ಸಮನಾಗಿ ಹಾಕಿತ್ತು. ಆತನೂ ಮುಂಬಯಿಯಿಂದ ಬಂದು ಪಕ್ಕದ ಕೋಣೆಯಲ್ಲಿಯೇ ಇದ್ದನು.

ಮೂರನೆಯ ದಿನ ಗೇಟಿನ ಹೊರಗೆ ತಾಯಿ ಬಂದು ನಿಂತರು. ಕೈಯಲ್ಲಿ ಗಂಜಿಯ ಪಾತ್ರೆ, ಮೇಲೆ ಒಣಮೀನಿನ ಚಟ್ನಿ. ಒಳಗೆ ಬರುವಂತಿಲ್ಲ, ಇವರು ಹೊರಗೆ ಹೋಗುವಂತಿಲ್ಲ. ಪಾತ್ರೆಯನ್ನು ಗೇಟಿನ ಬುಡದಲ್ಲಿಟ್ಟು ಹಿಂದೆ ಸರಿದು, ಮಗನೊಡನೆ ಮಾತಾಡದೆ ಮಗುವನ್ನು ನೋಡುತ್ತ ನಿಂತು ಹೋದರು. ಮರುದಿನವೂ ಬಂದರು. ಕೊನೆಯ ತನಕ ಒಂದು ದಿನವೂ ತಪ್ಪಲಿಲ್ಲ. ಅವಧಿ ಮುಗಿದು ಮೂವರೂ ಮನೆಯ ಅಂಗಳಕ್ಕೆ ಬಂದಾಗ ಮುದುಕಿ ಹೇಳಿದ್ದಿಷ್ಟೇ: "ಒಳ್ಗ್ ಬಾ ಹೆಣೆ, ಮಗಿನ್ ಇಲ್ಲ್ ಕೊಡ್."

ಅವರು ಮರಳಿ ಪುಣೆಗೆ ಬರಲಿಲ್ಲ. ನಾವೂ ಹೋಟೆಲನ್ನು ಬೇರೆಯವರಿಗೆ ಬಿಟ್ಟು ಈ ಅಕ್ಷರದ ವ್ಯಾಪಾರಕ್ಕಿಳಿದೆವು. ಕಳೆದ ಚಳಿಗಾಲದಲ್ಲಿ ಊರಿಗೆ ಹೋದವರು ಅವರ ಮನೆಯಲ್ಲಿ ಒಂದು ದಿನ ಉಳಿದೆವು. ಮನೆಯಿಂದ ಕಡಲಿಗೆ ಕೂಗಳತೆ. ಹೆದ್ದಾರಿಯ ಬದಿಯಲ್ಲಿ ತಗಡಿನ ಮಾಡು ಹಾಕಿ ಗಂಜಿ ಊಟ, ಮೀನು ಊಟದ ಪುಟ್ಟ ಹೋಟೆಲು ನಡೆಸುತ್ತಾರೆ. ನಸುಕಿನಲ್ಲಿ ಅವನು ದಡಕ್ಕೆ ಹೋಗಿ ಬಂಗುಡೆಯೋ ಬೂತಾಯಿಯೋ ಕಂಡದ್ದನ್ನು ತರುತ್ತಾನೆ. ಅಷ್ಟರಲ್ಲಿ ಅವಳು ಮಸಾಲೆ ಅರೆದಿರುತ್ತಾಳೆ. ತಾಯಿ ತೆಂಗಿನಕಾಯಿ ತುರಿಯುತ್ತ, ಸೊಸೆ ಹುಳಿ ಹೆಚ್ಚು ಹಾಕುತ್ತಾಳೆಂದು ನಮ್ಮಲ್ಲಿ ದೂರು ಹೇಳಿದರು. ಕಡಲತಡಿಯ ಸಂಸಾರವನ್ನು ಚಿತ್ರಪಟದಲ್ಲಿ ಕಂಡವರು ನಂಬಲಾರರು, ಅಲ್ಲಿ ಇರುವುದೆಲ್ಲ ಉಪ್ಪಿನೊಡನೆ ಹೋರಾಟ. ಬಾಗಿಲಿನ ಬಿಜಾಗರಿ ವರ್ಷಕ್ಕೊಮ್ಮೆ ತುಕ್ಕು ತಿನ್ನುತ್ತದೆ, ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆ, ಹಾಸಿಗೆ ಎಷ್ಟು ಕೊಡವಿದರೂ ಹೊಯಿಗೆ ಉಳಿಯುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದುದರಿಂದ ಮೀನಿಗೂ ಗಿರಾಕಿಗೂ ಬರ. ಆ ದಿನಗಳಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಮೂವತ್ತು ಸಾವಿರ ರೂಪಾಯಿಗಳ ಕೈಸಾಲವೊಂದಿದೆ. ಮದುವೆಯದಲ್ಲ, ತಗಡಿನ ಮಾಡಿನದು.

ಎಲ್ಲವೂ ನೇರವಾಯಿತೆಂದೇನೂ ಇಲ್ಲ. ಮಾವ ಇಂದಿಗೂ ಆ ಹೋಟೆಲಿನ ಎದುರಿನಲ್ಲಿ ತಲೆ ತಿರುಗಿಸಿಕೊಂಡೇ ಹೋಗುತ್ತಾನೆ. ಬಳಗದ ಮದುವೆಗಳಲ್ಲಿ ಆರತಿ, ಅರಸಿನಕ್ಕೆ ಇವಳನ್ನು ಕರೆಯುವುದಿಲ್ಲ. ಅದನ್ನು ನಾವು ಎತ್ತಿದಾಗ ಅವಳು ಒಲೆಯ ಕಡೆಗೆ ನೋಡುತ್ತಲೇ, "ಕರೆದರೆ ಆ ದಿನ ಹೋಟೆಲು ಮುಚ್ಚಬೇಕಾಗ್ತದೆ ಅಣ್ಣ" ಎಂದಳು. ಅವಳು ನಕ್ಕಳೋ ಇಲ್ಲವೋ ಹೊಗೆಯಲ್ಲಿ ಕಾಣಲಿಲ್ಲ.

ಹೊರಡುವಾಗ ದುಡ್ಡು ಕೊಡಹೋದೆವು, ಹುಡುಗ ತೆಗೆದುಕೊಳ್ಳಲಿಲ್ಲ. ಗಲ್ಲೆಯಲ್ಲಿ ಮಗು ಕುಳಿತಿತ್ತು. ಈಗ ಮಗುವಲ್ಲ, ಜಡೆ ಹಾಕಿದ ಶಾಲೆಯ ಹುಡುಗಿ. ಪ್ರತಿದಿನದ ಊಟದ ಲೆಕ್ಕವನ್ನು ಹಳೆಯ ನೋಟುಪುಸ್ತಕದಲ್ಲಿ ಬರೆಯುವುದು ಅವಳ ಕೆಲಸವಂತೆ. ಬಗ್ಗಿ ನೋಡಿದೆವು. ಅಂದಿನ ತಾರೀಕಿನ ಎದುರಿಗೆ 'ಎಲೆ 41' ಎಂದು ಬರೆದು, ನಮ್ಮ ಊಟವನ್ನು ಬೇರೆ ಸಾಲಿನಲ್ಲಿ, 'ಪುಣೆ ಮಾಮ, 1, ದುಡ್ಡಿಲ್ಲ' ಎಂದು ಬರೆದಿದ್ದಳು.